ಹುಳುಮನೆಯ ಕೋಬಾಲ್ಟ್ ಪಟ್ಟಿ

ಹಾರೋಹಳ್ಳಿಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಾಗ ಬಿ.ಎಸ್ಸಿ. ಮುಗಿದು ಒಂದು ವರ್ಷವಾಗಿತ್ತು. ಯಂತ್ರಗಳ ಡಬ್ಬಿಯಲ್ಲಿ ತೇವ ಹೀರಲೆಂದು ಹರಳಿನ ಪೊಟ್ಟಣ ಇಡುತ್ತಾರಲ್ಲ, ಆ ಹರಳುಗಳಿಗೆ ಕೋಬಾಲ್ಟ್ ಕ್ಲೋರೈಡ್ ಹಿಡಿಸುವುದು ನನ್ನ ಕೆಲಸ. ಒಣಗಿದ್ದರೆ ಅದು ನೀಲಿ, ಗಾಳಿಯ ನೀರನ್ನು ಕುಡಿದರೆ ತಿಳಿಗುಲಾಬಿ, ಕಾಯಿಸಿದರೆ ಮತ್ತೆ ನೀಲಿ. ಕೋಬಾಲ್ಟ್ ಲೋಹವಂತೂ ಕಬ್ಬಿಣದ ಹಾಗೆ ಗಟ್ಟಿ, ಆಯಸ್ಕಾಂತಕ್ಕೆ ಅಂಟುತ್ತದೆ. ಬಂಡೆ ಕೊರೆಯುವ ಡ್ರಿಲ್ಲಿನ ಮೂತಿಯಲ್ಲೂ ಅದಿರುತ್ತದೆ ಎಂದು ಲ್ಯಾಬಿನ ಹಿರಿಯರೊಬ್ಬರು ಹೇಳಿದಾಗ ಆಶ್ಚರ್ಯವಾಯಿತು. ಕನಕಪುರದ ಹತ್ತಿರದ ನಮ್ಮೂರಿನಲ್ಲಿ ಕಲ್ಲುಕ್ವಾರಿಯ ಆ ಡ್ರಿಲ್ಲಿನ ಸದ್ದು ಕೇಳುತ್ತಲೇ ನಾನು ಪರೀಕ್ಷೆಗಳಿಗೆ ಓದಿದ್ದೆ.

ಮನೆಯಲ್ಲಿ ಅವ್ವ ರೇಷ್ಮೆಹುಳು ಸಾಕುತ್ತಿದ್ದಳು. ಹುಳುಮನೆಯಲ್ಲಿ ತೇವ ಹೆಚ್ಚಾದರೆ ಗೂಡು ಕೆಡುತ್ತದೆ. ಲ್ಯಾಬಿನ ಹಿರಿಯರನ್ನು ಕೇಳಿ, ಉಳಿದ ಕೋಬಾಲ್ಟ್ ದ್ರಾವಣದಲ್ಲಿ ಶಾಯಿ ಹೀರುವ ಒತ್ತುಕಾಗದದ ಪಟ್ಟಿಗಳನ್ನು ಅದ್ದಿ ಒಣಗಿಸಿ ಮನೆಗೆ ತಂದೆ. ಅದು ವಿಷದ ಉಪ್ಪು, ಹುಳು ತಿನ್ನುವ ಹಿಪ್ಪುನೇರಳೆ ಸೊಪ್ಪಿಗೆ ತಾಗಬಾರದು. ಒಂದನ್ನು ಬಾಯಿ ತೆರೆದ ಸೀಸೆಯೊಳಗಿಟ್ಟು ಗೋಡೆಯ ಮೇಲ್ಭಾಗದಲ್ಲಿ ತೂಗುಹಾಕಿದೆ.

"ಇದ್ಯಾಕವ್ವ? ನನ್ ಕೈಗೇ ಗೊತ್ತಾಯ್ತದೆ" ಎಂದಳು ಅವ್ವ.

ನಿಜವೇ. ಸೊಪ್ಪಿನ ಮೇಲೆ ಮುಂಗೈ ಇಟ್ಟು ತೇವ ನೋಡಿ ಅವಳು "ತಂಡಿ ಐತೆ" ಎಂದ ಅರ್ಧ ಗಂಟೆಗೆ ನನ್ನ ಕಾಗದ ಬಣ್ಣ ಬದಲಿಸುತ್ತಿತ್ತು. ನನಗೆ ಒಸಿ ಪೆಚ್ಚೆನಿಸಿದರೂ ಅವಳ ಬಗ್ಗೆ ಹೆಮ್ಮೆಯೂ ಆಗುತ್ತಿತ್ತು.

ಒಂದು ಸಲ ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳ ಮೇಲೆ ಬಿಟ್ಟ ದಿನವೇ ಮಾಗಡಿಯಿಂದ ಅಕ್ಕನಿಗೆ ಹೆರಿಗೆ ನೋವೆಂದು ಫೋನ್ ಬಂತು. ಎರಡನೇ ಹೆರಿಗೆ, ಗಂಡನ ಮನೆಯಲ್ಲೇ ಇದ್ದಳು. ಅವ್ವ ಹೊರಟಳು. ಅಪ್ಪ ಸೊಪ್ಪು ಕೊಯ್ದು ತರುವವನೇ ಹೊರತು ಹುಳುಮನೆಯಲ್ಲಿ ಏನನ್ನೂ ನಿರ್ಧರಿಸಿದವನಲ್ಲ. ಮರುದಿನ ಜಡಿಮಳೆ ಹಿಡಿಯಿತು. ಅವನು ಎಲ್ಲ ಕಿಟಕಿ ಮುಚ್ಚಿಬಿಟ್ಟ. ಭಾನುವಾರವಾದ್ದರಿಂದ ಮನೆಯಲ್ಲಿದ್ದ ನಾನು ಮಧ್ಯಾಹ್ನ ಒಳಗೆ ಹೋಗಿ ನೋಡಿದರೆ ಕಾಗದ ಪೂರ್ತಿ ಗುಲಾಬಿ.

"ಕಿಟಕಿ ತೆಗೀಬೇಕು ಕಣಪ್ಪ" ಎಂದೆ.

"ಮಳೆ ಬತ್ತಾ ಐತೆ. ತಂಡಿ ಒಳಿಕ್ ಬತ್ತದೆ."

"ತಂಡಿ ಒಳಗೇ ಐತೆ. ಗೂಡು ಕಟ್ಟೋಕ್ ಮುಂಚೆ ಹುಳ ಬುಟ್ಟಿರೋ ನೀರು ಹೋಗಾಕೆ ದಾರಿ ಇಲ್ಲ."

ಅಪ್ಪ ಸೀಸೆಯ ಕೆಳಗೆ ನಿಂತು ಒಂದಷ್ಟು ಹೊತ್ತು ಕಾಗದ ನೋಡಿದ. "ನಿಮ್ಮವ್ವ ಇದ್ದಿದ್ರೆ ಏನಂತಿದ್ಲೋ" ಎನ್ನುತ್ತಲೇ ಎರಚಲು ಬೀಳದ ಕಡೆಯ ಕಿಟಕಿಗಳನ್ನು ತೆಗೆದ. ನಾನು ಬಾಂಡಲಿಯಲ್ಲಿ ಹೊಗೆಯಾಡದ ಕೆಂಡ ತಂದು ಬಾಗಿಲ ಬಳಿ ಇಟ್ಟೆ. ಸಂಜೆಯ ಹೊತ್ತಿಗೆ ಕಾಗದದ ಅಂಚು ನೇರಳೆಗೆ ತಿರುಗಿತು, ಆಮೇಲೆ ನೀಲಿಯಾಯಿತು. ಅಪ್ಪ ಮೂರು ಸಲ ಬಂದು ನೋಡಿಕೊಂಡು ಹೋದ.

ಹೆಣ್ಣುಮಗು ಹುಟ್ಟಿದ ಸುದ್ದಿ ಹೊತ್ತು ನಾಲ್ಕನೆಯ ದಿನ ಬಂದ ಅವ್ವ, ಸೀದಾ ಹುಳುಮನೆಗೆ ಹೋಗಿ ಒಂದು ಗೂಡು ಬಿಡಿಸಿ ಅದುಮಿದಳು.

"ಗಟ್ಟಿ ಐತೆ. ಕಿಟಕಿ ತೆಗ್ದೋರು ಯಾರು?"

"ಇವ್ಳ ಕಾಗದ ಹೇಳ್ತು, ನಾನು ತೆಗ್ದೆ" ಎಂದ ಅಪ್ಪ.

ಅವ್ವ ನನ್ನ ಕಡೆ ಒಮ್ಮೆ ನೋಡಿ ಇನ್ನೊಂದು ಗೂಡು ಅದುಮಿದಳು. ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮೇಲೆ ಮೂವರೂ ಮಗು ನೋಡಲು ಮಾಗಡಿಗೆ ಹೋದೆವು. ಊಟವಾದ ಮೇಲೆ ಅಕ್ಕನ ಅತ್ತೆಯ ಜೊತೆ ಕೂತು ಅವ್ವ ಕಾಗದದ ಕಥೆಯನ್ನೆಲ್ಲ ಹೇಳಿದಳು. ಕೋಬಾಲ್ಟನ್ನು ಕೋಬಾಟ್ಲು ಮಾಡಿದ್ದಳು. ನಾನು ತಿದ್ದಲು ಹೋಗಲಿಲ್ಲ. ಮಗು ನನ್ನ ತೊಡೆಯ ಮೇಲೆ ಮಲಗಿತ್ತು, ನಾನು ಅದನ್ನು ತಟ್ಟುತ್ತಾ ಕೇಳಿಸಿಕೊಳ್ಳುತ್ತಿದ್ದೆ.