ಒಳಗೆ ಬಿಡದ ಉಪ್ಪಿನಕಾಯಿ ಸೈಟು

ಇಂಡಿ ಪಟ್ಟಣದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಮುಕ್ತಾಳಿಗೆ ಸಿಟ್ಟು ಬಂದರೆ ಬಾಯಲ್ಲಿ ತವರಿನ ಮರಾಠಿ ಬರುತ್ತಿತ್ತು. 2007ರ ಬೇಸಿಗೆಯಲ್ಲಿ ಅವಳು ಇಡೀ ದಿನ ಮರಾಠಿಯಲ್ಲೇ ಗೊಣಗಿಕೊಂಡ ಪ್ರಸಂಗವಿದು.

ಅತ್ತೆ ಭಾಗೀರಥೀಬಾಯಿಯ ಹಟಕ್ಕೆ ಅವಳೊಂದು ವೆಬ್‌ಸೈಟ್ ಕಟ್ಟಿದ್ದಳು. ಸುತ್ತಲಿನ ತಾಲೂಕುಗಳ ಹೆಂಗಸರು ಲಿಂಬೆ ಉಪ್ಪಿನಕಾಯಿ ಹಾಕುವ ಬಗೆಯನ್ನು ಅದರಲ್ಲಿ ಬರೆಯಬೇಕು. ಪಾಸ್‌ವರ್ಡ್ ಇದ್ದವರಷ್ಟೇ ಓದಬೇಕು. "ಹಾದ್ಯಾಗ ಹೋಗವ್ರಿಗೆಲ್ಲಾ ನನ್ನ ಮಸಾಲಿ ಯಾಕ ಗೊತ್ತಾಗಬೇಕು?" ಎಂಬುದು ಅತ್ತೆಯ ವಾದ. ಮೊದಲ ಬರಹವೂ ಅವರದೇ. ಮನೆಯ ಕಂಪ್ಯೂಟರಿನಲ್ಲಿ ಎಲ್ಲ ಬೆಣ್ಣೆಯಿಂದ ಕೂದಲು ತೆಗೆದಂತೆ ನಡೆಯಿತು. ಮರುದಿನ ಮುಕ್ತಾ ಸೈಟನ್ನು ಬಾಡಿಗೆಯ ಸರ್ವರಿಗೆ ಏರಿಸಿ, ಹೆಸರು ಕೊಟ್ಟಿದ್ದವರಿಗೆಲ್ಲ ವಿಳಾಸವನ್ನೂ ಪಾಸ್‌ವರ್ಡನ್ನೂ ತಿಳಿಸಿದಳು.

ಸಿಂದಗಿಯ ಸೈಬರ್ ಕೆಫೆಯಿಂದ ಭಾಗ್ಯಜ್ಯೋತಿಯ ಫೋನು ಬಂತು. "ಅಕ್ಕಾರ, ಹೆಸರು ಕೇಳ್ತೈತಿ, ಹೇಳ್ತೇನಿ. ಪಾಸ್‌ವರ್ಡ್ ಕೇಳ್ತೈತಿ, ಅದನ್ನೂ ಹೇಳ್ತೇನಿ. ಆಮ್ಯಾಲ ಮತ್ತ 'ನೀ ಯಾರು' ಅಂತೈತ್ರಿ!"

ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದಲೂ ಅದೇ ದೂರು. ಮುಕ್ತಾ ತಾನೇ ಸೈಟಿಗೆ ಹೋಗಿ ನೋಡಿದಳು, ಕಟ್ಟಿದವಳನ್ನೂ ಅದು ಒಳಗೆ ಬಿಡಲಿಲ್ಲ. ತಪ್ಪು ಪಾಸ್‌ವರ್ಡಿಗೆ "ತಪ್ಪು" ಎನ್ನುತ್ತಿತ್ತು. ಸರಿಯಾದದ್ದಕ್ಕೆ ತುಟಿ ಪಿಟಕ್ಕೆನ್ನದೆ ಮತ್ತೆ ಬಾಗಿಲಿಗೇ ತಂದು ನಿಲ್ಲಿಸುತ್ತಿತ್ತು.

"ನಿಮ್ಮ ಮಾವನವರೂ ಹಿಂಗ," ಅಂದರು ಅತ್ತೆ. "ಹೇಳಿದ್ದೆಲ್ಲಾ ಕೇಳಿ, ಆಮ್ಯಾಲ 'ಏನಂದಿ?' ಅಂತಾರ."

ಸಂಜೆ ಸರ್ವರ್ ಜಾಲಾಡುವಾಗ, ಅತ್ತೆಯ ಬರಹದ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ ಕನ್ನಡದ ಸಾಲೊಂದು ಕಂಡಿತು: "ಇಷ್ಟು ಉಪ್ಪು ಹಾಕಿದ್ರ ನಾಲಗಿ ಸುಡತೈತಿ. ಸೈದಾಬಿ, ದೇವಣಗಾಂವ."

ಅತ್ತೆ ಕೆಂಡವಾದರು. ಸೊಸೆ ಕುಣಿದಾಡಿದಳು. ಯಾರೋ ಒಬ್ಬರು ಒಳಗೆ ಹೋಗಿದ್ದಾರಲ್ಲ!

ಕೂಡಲೇ ಫೋನು ಹಚ್ಚಿದಳು. "ಸೈದಾಬಿ, ನೀವು ಹೆಂಗ ಒಳಗ ಹೋದ್ರಿ?"

"ಯಾಕ್ರಿ, ಹೋಗಬಾರದಿತ್ತೇನ್ರಿ?"

"ಹಂಗಲ್ರಿ, ವಿಳಾಸ ಹೆಂಗ ಹೊಡದ್ರಿ?"

"ಮುಂದಿನ ಮೂರು ಡಬ್ಲ್ಯೂ ಬಿಟ್ಟು ಹೊಡದೇನ್ರಿ. ಒಂದ ಬೆರಳಿಲೆ ಹೊಡಿಯಾಕಿ ನಾ. ಯಾರಿಗೆ ಬೇಕ್ರಿ ಆ ತ್ರಾಸು?"

ಮುಕ್ತಾ ಹಣೆ ಬಡಿದುಕೊಂಡಳು. ಹೆಂಗಸರಿಗೆ ಡಬ್ಲ್ಯೂ ಇರುವ ವಿಳಾಸ ಕೊಟ್ಟು, ಸರ್ವರಿಗೆ ಏರಿಸುವಾಗ ಒಳಗಿನ ಪುಟಕ್ಕೆ ಡಬ್ಲ್ಯೂ ಇಲ್ಲದ ವಿಳಾಸ ಬರೆದಿದ್ದಳು. ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ ಮನೆ. ಒಂದರಲ್ಲಿ ಕೊಟ್ಟ ಗುರುತಿನ ಚೀಟಿ ಇನ್ನೊಂದರಲ್ಲಿ ನಡೆಯದು. ಸೈದಾಬಿ ಬಾಗಿಲಲ್ಲೇ ಡಬ್ಲ್ಯೂ ಬಿಟ್ಟಿದ್ದರಿಂದ ಆಕೆಯ ಚೀಟಿ ಒಳಗೂ ನಡೆದಿತ್ತು. ಮನೆಯಲ್ಲಿ ಸೈಟಿಗಿದ್ದದ್ದೇ ಒಂದು ಹೆಸರು, ಹಾಗಾಗಿ ಅಲ್ಲಿ ತಕರಾರೇ ಎದ್ದಿರಲಿಲ್ಲ.

ಹೇಗೆ ಹೊಡೆದರೂ ಒಂದೇ ವಿಳಾಸಕ್ಕೆ ಬರುವಂತೆ ಮಾಡಿದ್ದೇ ತಡ, ಹೆಂಗಸರು ನುಗ್ಗಿದರು. ಬಾಗೇವಾಡಿಯವರು ಬೆಲ್ಲದ ಪರ, ಮುದ್ದೇಬಿಹಾಳದವರು ಖಾರದ ಪರ ನಿಂತು ವಾರಗಟ್ಟಲೆ ಕಾದಾಡಿದರು.

ಆಮೇಲೆ ಮುಕ್ತಾ ಎಷ್ಟೋ ಸೈಟು ಕಟ್ಟಿದಳು. ಆದರೆ ತನ್ನ ಕಂಪ್ಯೂಟರಿನ ಮಾತನ್ನು ಮಾತ್ರ ನಂಬಲಿಲ್ಲ. ಪ್ರತಿ ಸಲ ಬಸ್ಸು ಹತ್ತಿ ಪರವೂರಿಗೆ ಹೋಗಿ, ಯಾವುದೋ ಸೈಬರಿನಲ್ಲಿ ಕುಳಿತು, ಗುರುತಿಲ್ಲದ ಗಿರಾಕಿಯಂತೆ ಬಾಗಿಲು ಬಡಿದು ನೋಡುತ್ತಿದ್ದಳು.