‘ನೆರಳು’ ಕಿತ್ತ ಅಕ್ಕ

ಬೆಳಗಿನ ಐದೂಕಾಲು. ಅಡುಗೆಮನೆಗೆ ಹೊಂದಿಕೊಂಡ ಪುಟ್ಟ ಕೋಣೆಯಲ್ಲಿ ಐವತ್ತರ ಹತ್ತಿರದ ಹೆಂಗಸೊಬ್ಬರು ವಿಡಿಯೊ ಗೇಮ್ ಆಡುತ್ತಿದ್ದಾರೆ. ಗೆಲ್ಲುವ ಆತುರವೇನಿಲ್ಲ. ಪರದೆಯೊಳಗಿನ ಬೀದಿಯಲ್ಲಿ ಅಂಗಡಿ ಅಂಗಡಿಗೂ ನಿಂತು ಬೋರ್ಡು ಓದುತ್ತಾರೆ, ಗೋಡೆಯ ಮೇಲೆ ಮಕ್ಕಳು ಗೀಚಿದ್ದನ್ನೂ ಬಿಡುವುದಿಲ್ಲ. ಹಡಗಿನ ಚಿತ್ರವೊಂದರ ಕೆಳಗೆ ‘ಕಡಲು’ ಸಿಗುತ್ತದೆ. ಪುಸ್ತಕದಲ್ಲಿ ನೀಲಿ ಪೆನ್ಸಿಲಿನಿಂದ ಗುರುತು ಹಾಕಿ ಮುಂದೆ ಹೋಗುತ್ತಾರೆ.

‘ಕಡಲು’ ಈಗ ಕಂಪನಿಯೊಂದರ ಸ್ವತ್ತು. ಗೇಮುಗಳ ಮಟ್ಟಿಗೆ ಆ ಪದವನ್ನು ಅದು ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿದೆ. ‘ರಾಜ’ ಇನ್ನೊಂದರದು, ‘ಹೆಜ್ಜೆ’ ಮತ್ತೊಂದರದು. ಮಕ್ಕಳ ಬಾಯಿಗೆ ಮೊದಲು ಬರುವ ಮಾತುಗಳಿಗೂ ಈ ಪುಣ್ಯಾತ್ಮರು ಬೇಲಿ ಹಾಕಿಯಾಗಿದೆ. ಮನೆಯಲ್ಲೇ ಕೂತು ಗೇಮ್ ಕಟ್ಟುವ ಸಣ್ಣಪುಟ್ಟ ತಯಾರಕರಿಗೆ ನೋಟಿಸ್ ಬಂದರೆ ಅವರು ಓಡಿ ಬರುವುದು ಇವರ ಬಳಿಗೆ. ಕಳೆ ಕಿತ್ತಂತೆ ಪದ ಕೀಳುವುದರಿಂದ ಎಲ್ಲರಿಗೂ ಇವರು ‘ಕಳೆಯಕ್ಕ’.

“ಟೈಪ್ ಮಾಡಿದ್ದನ್ನ ಕಂಪ್ಯೂಟರೇ ಹುಡುಕುತ್ತೆ. ಚಿತ್ರದಲ್ಲಿ ಬಿಡಿಸಿದ್ದು, ಬಾಯಲ್ಲಿ ಆಡಿದ್ದು ಅದಕ್ಕೆ ಸಿಗಲ್ಲ. ಅದಕ್ಕೇ ಮೊದಲಿಂದ ಕೊನೆವರೆಗೂ ನಾನೇ ಆಡ್ಬೇಕು,” ಎನ್ನುತ್ತಾರೆ. ಕಳೆದ ವರ್ಷ ನಲವತ್ತೊಂದು ಗೇಮು ಆಡಿದ್ದಾರೆ. ಕಣ್ಣಿಗೆ ಔಷಧಿ ಬಿಟ್ಟುಕೊಳ್ಳದೆ ಮಧ್ಯಾಹ್ನ ದಾಟುವುದಿಲ್ಲ. ಯಾವ ಗೇಮಿನ ಕೊನೆಯಲ್ಲೂ ಇವರ ಹೆಸರು ಬರುವುದಿಲ್ಲ. ಹೆದರಿ ಪದ ಕೀಳಿಸಿದೆವೆಂದು ಯಾರು ತಾನೆ ಹೇಳಿಕೊಂಡಾರು?

ಈ ಕೆಲಸಕ್ಕೆ ಬಿದ್ದದ್ದು ತಮ್ಮನಿಂದ. ಆರು ವರ್ಷ ಹೆಣಗಿ ಅವನೊಂದು ಗೇಮ್ ಕಟ್ಟಿದ. ಹೆಸರು ‘ನೆರಳು’. ದಾರಿ ತಪ್ಪಿದ ಹುಡುಗನನ್ನು ಅದರಲ್ಲಿ ಅಜ್ಜಿಯೊಬ್ಬಳು, “ಬಿಸಿಲಲ್ಲಿ ಯಾಕಪ್ಪ ನಿಂತೆ, ನೆರಳಿಗೆ ಬಾ” ಎಂದು ಕರೆಯುತ್ತಾಳೆ. ದನಿ ಇವರ ತಾಯಿಯದು. ಬಿಡುಗಡೆಗೆ ಹದಿನೆಂಟು ದಿನವಿದ್ದಾಗ ನೋಟಿಸ್ ಬಂತು: ಪದ ನಮ್ಮದು, ಎಲ್ಲ ಪ್ರತಿಗಳಿಂದಲೂ ಅಳಿಸಿ. ತಮ್ಮ ಕೋರ್ಟಿಗೆ ಹೋಗುತ್ತೇನೆಂದ. ಆನೆ ಕಾಲಿಗೆ ಸಿಕ್ಕಿಹಾಕಿಕೊಳ್ಳಬೇಡವೆಂದು ಅಕ್ಕ ತಡೆದರು. ತಾವೇ ಕೂತು ಹೆಸರು ಕಿತ್ತರು, ಬೋರ್ಡು ಕಿತ್ತರು, ಕೊನೆಗೆ ಅಮ್ಮನ ಮಾತನ್ನೂ ಮೂಲ ರೆಕಾರ್ಡಿಂಗ್ ಸಮೇತ ಅಳಿಸಿದರು.

ಗೇಮಿನ ಹೆಸರೊಂದನ್ನು ಬದಲಿಸಿದ್ದರೆ ಸಾಕಿತ್ತು, ಒಳಗಿನ ಮಾತನ್ನು ಅಳಿಸಿ ಎನ್ನುವ ಹಕ್ಕು ಯಾರಿಗೂ ಇರಲಿಲ್ಲವೆಂದು ವಕೀಲರೊಬ್ಬರು ಹೇಳಿದ್ದು ಆಮೇಲೆ. “ಅವರು ಹೆದರಿಸಿದ್ದು ಒಂದು ಪಾಲು, ನಾನು ಹೆದರಿದ್ದು ನಾಲ್ಕು ಪಾಲು,” ಎನ್ನುವಾಗ ಅಕ್ಕ ಪರದೆಯಿಂದ ಕಣ್ಣು ತೆಗೆಯುವುದಿಲ್ಲ. ‘ನೆರಳು’ ಹೆಸರಿನಲ್ಲಿ ಆ ಕಂಪನಿ ಇವತ್ತಿನವರೆಗೂ ಒಂದು ಗೇಮನ್ನೂ ತಂದಿಲ್ಲ. ತಾನೂ ತಿನ್ನದು, ತಿನ್ನುವವರಿಗೂ ಬಿಡದು. ಇವರ ಬಗ್ಗೆ ಬರೆಯಲು ಬಂದ ನನಗೇ ಮೈಯೆಲ್ಲ ಉರಿಯುತ್ತದೆ.

ಬೇರೆ ಹೆಸರಿನ ಗೇಮನ್ನು ಯಾರೂ ಹುಡುಕಿಕೊಂಡು ಬರಲಿಲ್ಲ. ತಮ್ಮ ಈಗ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಾನೆ, ಅಕ್ಕನ ಜೊತೆ ಮಾತು ಬಿಟ್ಟಿದ್ದಾನೆ. “ಈ ಕಡೆ ಬಾ” ಎಂದು ಬದಲಿಸಿ ಹೇಳಲು ತಾಯಿ ಒಪ್ಪಲೇ ಇಲ್ಲ. ಗೇಮಿನ ಅಜ್ಜಿಯ ತುಟಿ ಅಲ್ಲಾಡುತ್ತದೆ, ದನಿಯಿಲ್ಲ.

“ನೆರಳೇನು ಅವರಪ್ಪನ ಮನೆ ಆಸ್ತಿನಾ?” ಅಡುಗೆಮನೆಯಿಂದ ತಾಯಿ ಕೇಳುತ್ತಾರೆ. ಎಂಬತ್ತೊಂದು ವಯಸ್ಸು. ಹಳೆಯ ಮಾತನ್ನೇ ಮತ್ತೆ ಹೇಳಬಹುದಲ್ಲ ಎಂದರೆ, “ಅವನು ಬಂದು ಕೇಳ್ಲಿ, ಹೇಳ್ತೀನಿ. ಇವಳು ಕೇಳಿದ್ರೆ ಇಲ್ಲ.”

ಅಕ್ಕನ ಪುಸ್ತಕದಲ್ಲಿ ಈಗ ಎರಡು ಬಣ್ಣ. ಕೆಂಪೆಂದರೆ ಕೀಳಬೇಕು, ನೀಲಿಯೆಂದರೆ ಇರಲಿ. “ನೀಲಿನೇ ಜಾಸ್ತಿ ಇರುತ್ತೆ. ನಾನು ಕಿತ್ತ ಹಾಗೆ ಬೇರೆ ಯಾರೂ ಕೀಳಬಾರ್ದು.”

ಒಂಬತ್ತಕ್ಕೆ ಹೊರಡುತ್ತೇನೆ. ಅಂಗಳದಲ್ಲಿ ನಿಂತು ಗಾಡಿಯ ಕೀ ತಡಕುತ್ತಿದ್ದಾಗ ಬಾಗಿಲಿಂದ ತಾಯಿ ಕೂಗುತ್ತಾರೆ: “ಬಿಸಿಲಲ್ಲಿ ಯಾಕಪ್ಪ ನಿಂತೆ, ನೆರಳಿಗೆ ಬಾ.”

ಜೇಬಿನ ಫೋನಿನಲ್ಲಿ ಸಂದರ್ಶನದ ರೆಕಾರ್ಡಿಂಗ್ ಇನ್ನೂ ನಡೆಯುತ್ತಿದೆ. ಅಕ್ಕ ಆ ಜೇಬನ್ನೇ ನೋಡುತ್ತಿದ್ದಾರೆ. ಅಮ್ಮನ ಮಾತನ್ನು ನಿಮಗೆ ಕಳಿಸಲೇ ಎಂದು ಕೇಳುತ್ತೇನೆ.

“ಬೇಡ. ಅವನು ಬಂದು ಕೇಳ್ದಾಗ್ಲೇ ಅಮ್ಮ ಹೇಳ್ಲಿ,” ಎನ್ನುತ್ತಾರೆ. ತಾಯಿ ಒಳಗೆ ಹೋಗುವವರೆಗೂ ಕಾದು, ದನಿ ತಗ್ಗಿಸುತ್ತಾರೆ. “ನೀವು ಅಳಿಸ್ಬೇಡಿ, ಅಷ್ಟು ಸಾಕು.”