ಕರಿಸಿದ್ದಪ್ಪ ಹೋಗದೆ ಉಳಿದ ಹನ್ನೊಂದು ತಿಂಗಳು

ಅಜ್ಜಂಪುರದಿಂದ ಆರು ಕಿಲೋಮೀಟರ್ ಒಳಗಿರುವ ಒಂದು ಹಳ್ಳಿಯಲ್ಲಿ ಕರಿಸಿದ್ದಪ್ಪ ಪಂಚಾಯ್ತಿಯ ನೀರುಗಂಟಿ. ಬೋರ್‌ವೆಲ್ ಮೋಟಾರ್ ಹಾಕುವುದು, ಟ್ಯಾಂಕ್ ತುಂಬಿಸುವುದು, ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಡುವುದು ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಸಾವು, ಯಾರ ಮನೆಗೆ ಬಾಣಂತಿ ಬಂದಿದ್ದಾಳೆ ಎಂಬುದು ಊರಲ್ಲಿ ಮೊದಲು ಗೊತ್ತಾಗುತ್ತಿದ್ದದ್ದು ಅವನಿಗೇ. "ಒಂದರ್ಧ ಗಂಟೆ ಜಾಸ್ತಿ ಬಿಡು ಸಿದ್ದಪ್ಪ" ಎಂದು ಕೇಳಿಕೊಂಡು ಬರುತ್ತಿದ್ದರು. ಬಾಣಂತಿ ಮನೆ ಎಂದರೆ ಅವನು ಒಂದು ದಿನವೂ ಇಲ್ಲ ಎಂದವನಲ್ಲ. ಒಳ್ಳೆಯ ಮನುಷ್ಯ ಎಂದು ಜನ ಎದುರಿಗೇ ಹೇಳುತ್ತಿದ್ದರು. ಹಾಗೆ ಹೇಳಿದಾಗಲೆಲ್ಲ ಅವನು ಮಾತು ಬದಲಿಸುತ್ತಿದ್ದ.

ಹೋದ ವರ್ಷ ಅವನ ಒಬ್ಬಳೇ ಮಗಳು ಸುಮನಾ ಚೊಚ್ಚಲ ಹೆರಿಗೆಗೆ ಬಂದಳು. ಹೆಣ್ಣುಮಗು. ಹೆರಿಗೆ ಸಲೀಸಾಗಿಯೇ ಆಯಿತು. ಕರಿಸಿದ್ದಪ್ಪನ ಹೆಂಡತಿ ಕರಿಬಸಮ್ಮ ಒಳಕೋಣೆ ತೊಳೆದು, ಕಿಟಕಿಗೆ ಹಳೇ ಸೀರೆ ಕಟ್ಟಿ, ಬೆಳ್ಳುಳ್ಳಿ ಸುಲಿದು, ಅಂಟಿನುಂಡೆ ಕಟ್ಟಿಟ್ಟಿದ್ದಳು. ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕುವುದಕ್ಕೆ ಪಕ್ಕದ ಮನೆಯ ಮೀನಾಕ್ಷಮ್ಮ ಬರುತ್ತಿದ್ದರು. ಅಳಿಯ ಪ್ರಸನ್ನಕುಮಾರ್ ಕಡೂರಿನಲ್ಲಿ ಸುಟ್ಟುಹೋದ ಬೋರ್ ಮೋಟಾರುಗಳನ್ನು ರೀವೈಂಡ್ ಮಾಡುವ ಅಂಗಡಿ ಇಟ್ಟಿದ್ದ. ಊರಿನ ಮೋಟಾರ್ ಕೆಟ್ಟಾಗಲೆಲ್ಲ ಅಲ್ಲಿಗೆ ಹೊತ್ತುಕೊಂಡು ಹೋಗಿ ಹೋಗಿಯೇ ಕರಿಸಿದ್ದಪ್ಪ ಅವನನ್ನು ಅಳಿಯನನ್ನಾಗಿ ಮಾಡಿಕೊಂಡದ್ದು. ಅವನು ಮೂರನೇ ದಿನ ಬಂದು ಮಗು ನೋಡಿ, ನಾಕು ಫೋಟೊ ತೆಗೆದುಕೊಂಡು ಹೋದ.

ಹತ್ತನೇ ದಿನದ ಹೊತ್ತಿಗೆ ಸುಮನಾ ಬದಲಾಗಿದ್ದಳು. ತಟ್ಟೆಯಲ್ಲಿ ಇಟ್ಟದ್ದು ಇಟ್ಟಂತೇ ಇರುತ್ತಿತ್ತು. ಮಗು ಮಲಗಿದಾಗಲೂ ಅವಳು ಮಲಗುತ್ತಿರಲಿಲ್ಲ. ಗೋಡೆ ಕಡೆ ತಿರುಗಿ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದಳು. ಮಗು ಅತ್ತರೆ ಅವಳೂ ಅಳುತ್ತಿದ್ದಳು. ಒಂದು ಬೆಳಿಗ್ಗೆ, ಹಂಡೆಗೆ ಸೌದೆ ಒಟ್ಟುತ್ತಿದ್ದ ಕರಿಸಿದ್ದಪ್ಪನಿಗೆ ಅವಳು ತಾಯಿಯ ಹತ್ತಿರ ಹೇಳುತ್ತಿದ್ದದ್ದು ಕೇಳಿಸಿತು. "ನನ್ ಕೈಲಿ ಆಗಲ್ಲ ಕಣವ್ವ. ಇದನ್ನ ಯಾರಿಗಾದ್ರೂ ಕೊಟ್ಬಿಡು."

ಅವನ ಕೈಯಲ್ಲಿದ್ದ ಸೌದೆ ಕೈಯಲ್ಲೇ ಉಳಿಯಿತು. ಈ ಮಾತನ್ನು ಅವನು ಇದೇ ಮನೆಯಲ್ಲಿ ಹಿಂದೆಯೂ ಕೇಳಿದ್ದ.

ಕರಿಬಸಮ್ಮ ಆಶಾ ಕಾರ್ಯಕರ್ತೆ ಸ್ಪೂರ್ತಿಯನ್ನು ಕರೆಸಿದಳು. ಆ ಹುಡುಗಿ ಸುಮನಾಳ ಪಕ್ಕ ಕೂತು, ಕೈ ಹಿಡಿದುಕೊಂಡು, ನಿದ್ದೆ, ಊಟ, ಮನಸ್ಸಿಗೆ ಬರುವ ಯೋಚನೆ ಎಲ್ಲ ನಿಧಾನವಾಗಿ ಕೇಳಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಕರಿಸಿದ್ದಪ್ಪನ ಕಡೆ ತಿರುಗಿ, "ಮನೇಲಿ ಹಿಂದೆ ಯಾರಿಗಾದ್ರೂ ಬಾಣಂತನದಲ್ಲಿ ಹಿಂಗಾಗಿತ್ತಾ ಅಣ್ಣ?" ಎಂದಳು.

"ಇಲ್ಲವ್ವ. ಯಾರಿಗೂ ಇಲ್ಲ," ಎಂದ ಕರಿಸಿದ್ದಪ್ಪ. ಯೋಚನೆ ಮಾಡುವ ಮೊದಲೇ ಬಾಯಿಂದ ಬಂದಿತ್ತು.

ಕರಿಬಸಮ್ಮ ಮಗುವಿನ ಕುಲಾವಿ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. "ನಂಗಾಗಿತ್ತು," ಎಂದಳು. "ಇವ್ಳು ಹುಟ್ಟಿದಾಗ. ಒಂದ್ ವರ್ಷದ ಮೇಲಾಯ್ತು ಸರಿಹೋಗಕ್ಕೆ."

ಸ್ಪೂರ್ತಿ ಅವನ ಮುಖ ನೋಡಲಿಲ್ಲ. ಬರೆದುಕೊಂಡಳು. ನೋಡಿದ್ದರೇ ವಾಸಿಯಿತ್ತು ಎನಿಸಿತು ಅವನಿಗೆ. ಮೋಟಾರ್ ಆಫ್ ಮಾಡಬೇಕು ಎಂದು ಹೇಳಿ ಹೊರಗೆ ನಡೆದುಬಿಟ್ಟ. ಮೋಟಾರ್ ಆಗಲೇ ಆಫ್ ಆಗಿತ್ತು.

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಆಗ ಅವನು ಬೀರೂರಿನ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಕರಿಬಸಮ್ಮ ತವರಾದ ಲಿಂಗದಹಳ್ಳಿಯಲ್ಲಿ ಹೆತ್ತು, ಮೂರನೇ ತಿಂಗಳಿಗೆ ಮಗು ಎತ್ತಿಕೊಂಡು ಗಂಡನ ಮನೆಗೆ ಬಂದಳು. ಬಂದವಳು ಮೊದಲಿನವಳಾಗಿರಲಿಲ್ಲ. ಮೂಲೆ ಹಿಡಿದು ಕೂತರೆ ಏಳುತ್ತಿರಲಿಲ್ಲ, ತಲೆ ಬಾಚಿಕೊಳ್ಳುತ್ತಿರಲಿಲ್ಲ, ಮಗು ಹಸಿದು ಕಿರುಚಿದರೂ ತಾನಾಗಿ ಎತ್ತಿಕೊಳ್ಳುತ್ತಿರಲಿಲ್ಲ. ಕರಿಸಿದ್ದಪ್ಪನ ತಾಯಿ ಗಾಳಿ ಸೋಕಿದೆ ಎಂದಳು. ತಾಯಿತ ಕಟ್ಟಿಸಿದರು, ಭಸ್ಮ ಹಚ್ಚಿದರು. ಓಣಿಯ ಹೆಂಗಸರು ಬಂದು ಬಂದು ಇಣುಕಿ ಹೋಗುತ್ತಿದ್ದರು. ಹದಿನೈದನೇ ದಿನ ತಾಯಿ, "ತವರಿಗೆ ಬಿಟ್ ಬಾ. ಸರಿಹೋದ್ಮೇಲೆ ಕರ್ಕೊಂಡ್ರಾಯ್ತು" ಎಂದಳು. ಅವನು ಬಿಟ್ಟು ಬಂದ. ಹನ್ನೊಂದು ತಿಂಗಳು ಅತ್ತ ತಲೆ ಹಾಕಲಿಲ್ಲ. ಕೊನೆಗೆ ಹೋದದ್ದಾದರೂ ತಾಯಿ ಜಾರಿಬಿದ್ದು ಕಾಲು ಮುರಿದುಕೊಂಡು, ಮನೆಯಲ್ಲಿ ಬೇಯಿಸಿ ಹಾಕುವವರು ಇಲ್ಲದಾದಾಗ. ಅಷ್ಟರಲ್ಲಿ ಕರಿಬಸಮ್ಮ ತಕ್ಕಮಟ್ಟಿಗೆ ಚೇತರಿಸಿಕೊಂಡಿದ್ದಳು. ಒಂದು ಮಾತೂ ಆಡದೆ ಚೀಲ ತುಂಬಿಕೊಂಡು ಅವನ ಹಿಂದೆ ಬಂದಳು. ಅಂದಿನಿಂದ ಇಂದಿನವರೆಗೆ ಆ ಹನ್ನೊಂದು ತಿಂಗಳ ಸುದ್ದಿ ಅವರಿಬ್ಬರ ನಡುವೆ ಬಂದೇ ಇರಲಿಲ್ಲ.

ಸ್ಪೂರ್ತಿ ಹೇಳಿದಂತೆ, ಮನಸ್ಸಿನ ಡಾಕ್ಟರು ಬರುವ ಮಂಗಳವಾರ ಸುಮನಾಳನ್ನು ತರೀಕೆರೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಬಹಳ ಹೊತ್ತು ಮಾತಾಡಿಸಿದರು. ಇದು ಗಾಳಿಯೂ ಅಲ್ಲ, ಸೋಮಾರಿತನವೂ ಅಲ್ಲ, ಹೆತ್ತ ಹೆಂಗಸರಲ್ಲಿ ಬಹಳ ಜನಕ್ಕೆ ಬರುವ ಕಾಯಿಲೆ, ವಾಸಿಯಾಗುತ್ತದೆ ಎಂದರು. ಮಗುವಿಗೆ ತೊಂದರೆಯಾಗದ ಮಾತ್ರೆ ಬರೆದುಕೊಟ್ಟರು. "ಮಾತ್ರೆ ಅರ್ಧ ಕೆಲಸ ಮಾಡುತ್ತೆ. ಇವ್ರನ್ನ ಒಂಟಿ ಬಿಡ್ಬೇಡಿ, ನಿದ್ದೆ ಮಾಡಕ್ಕೆ ಬಿಡಿ. ಗಂಡ ಎಲ್ಲಿ?" ಎಂದರು.

ಗಂಡನ ಫೋನು ಮರುದಿನ ಬಂತು. ಕರಿಸಿದ್ದಪ್ಪ ಟ್ಯಾಂಕಿನ ಬುಡದಲ್ಲಿದ್ದ. "ಮಾವ, ಮನಸ್ಸಿನ ಡಾಕ್ಟ್ರ ಹತ್ರ ತೋರ್ಸಿದ್ರಂತೆ," ಎಂದ ಪ್ರಸನ್ನಕುಮಾರ್. ಆಮೇಲೆ, "ನಮ್ಮಮ್ಮ ಹೇಳ್ತಾರೆ, ಪೂರ್ತಿ ಸರಿಹೋದ್ಮೇಲೇ ಕಳ್ಸಿ ಅಂತ. ಅಲ್ಲೀಗಂಟ ನಾನೂ ಬಂದು ಹೋಗಿ ಮಾಡೋದು ಬೇಡ, ಜನ ಮಾತಾಡ್ತಾರೆ ಅಂತ" ಎಂದ.

ಬೇರೆ ಯಾವ ಮಾವನಾಗಿದ್ದರೂ ಬಾಯಿಗೆ ಬಂದಂತೆ ಬೈಯುತ್ತಿದ್ದ. ಕರಿಸಿದ್ದಪ್ಪ "ಆಯ್ತು" ಎಂದು ಫೋನ್ ಇಟ್ಟ. ಇಟ್ಟ ಮೇಲೆ, ಆಯ್ತು ಎಂದುಬಿಟ್ಟೆನಲ್ಲ ಎಂದು ನಾಚಿಕೆಯಿಂದ ಅವನ ಮೈ ಹಿಡಿಯಾಯಿತು. ಮನೆಯಲ್ಲಿ ಅದನ್ನು ಹೇಳಲಿಲ್ಲ. ಎರಡು ದಿನ ಹೆಂಡತಿಯ ಮುಖ ತಪ್ಪಿಸಿ ಓಡಾಡಿದ. ಮೂರನೇ ದಿನ ನೀರು ಬಿಡುವ ಕೆಲಸ ಇನ್ನೊಬ್ಬನಿಗೆ ಒಪ್ಪಿಸಿ, ಬೀರೂರು ಮೇಲೆ ಹೋಗುವ ಬಸ್ಸು ಹತ್ತಿ ಕಡೂರಿಗೆ ಹೋದ.

ಪ್ರಸನ್ನಕುಮಾರ್ ನೆಲದ ಮೇಲೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದ. ಮಾವನನ್ನು ಕಂಡು ಎದ್ದು ನಿಂತ. ಬೈಗುಳಕ್ಕೆ ತಯಾರಾದವನ ಹಾಗೆ ಮುಖ ಗಟ್ಟಿ ಮಾಡಿಕೊಂಡ.

"ಕೂತ್ಕೊಳ್ಳಿ. ಜಗಳಕ್ಕೆ ಬಂದಿಲ್ಲ," ಎಂದ ಕರಿಸಿದ್ದಪ್ಪ. "ನಿಮ್ಮನ್ನ ಬೈಯೋ ಯೋಗ್ಯತೆ ನಂಗಿಲ್ಲ. ನೀವ್ ಮೊನ್ನೆ ಏನ್ ಹೇಳಿದ್ರೋ ಅದನ್ನೇ ನಾನು ಮಾಡಿದೀನಿ."

ಅಳಿಯನಿಗೆ ಅರ್ಥವಾಗಲಿಲ್ಲ. ಕರಿಸಿದ್ದಪ್ಪ ತಂತಿಯ ಉಂಡೆಯನ್ನೇ ನೋಡುತ್ತಾ ಎಲ್ಲ ಹೇಳಿದ. ತಾಯಿತ, ಮೂಲೆ, ಹನ್ನೊಂದು ತಿಂಗಳು. ಯಾರಿಗೂ ಹೇಳದಿದ್ದ ಇನ್ನೊಂದನ್ನೂ ಹೇಳಿದ.

"ನಾಲ್ಕನೇ ತಿಂಗಳಲ್ಲಿ ಒಂದ್ಸಲ ಹೋಗಿದ್ದೆ. ಲಿಂಗದಹಳ್ಳಿ ಬಸ್‌ಸ್ಟ್ಯಾಂಡಲ್ಲಿ ಇಳಿದೆ. ಮಗೀಗೆ ಅಂತ ಒಂದ್ ಗಿಲಕಿ ತಗಂಡಿದ್ದೆ. ಟೀ ಕುಡ್ದೆ. ಅದೇ ಬಸ್ಸು ತಿರುಗಿ ಹೊರಟಾಗ ಹತ್ತಿ ಕೂತ್ಬಿಟ್ಟೆ."

"ಯಾಕೆ ಮಾವ?"

"ಹೋಗಿ ಏನ್ ಮಾತಾಡ್ಬೇಕು ಅಂತ ಗೊತ್ತಾಗ್ಲಿಲ್ಲ. ಅವ್ಳು ಹೆಂಗಿರ್ತಾಳೋ ಅಂತ ಹೆದ್ರಿಕೆ. ಜನ ನೋಡ್ತಾರೆ ಅಂತ ನಾಚ್ಕೆ. ಆ ಮಗಾನೇ ಸುಮಿ. ನಾನ್ ಮತ್ತೆ ನೋಡೋ ಹೊತ್ಗೆ ಗೋಡೆ ಹಿಡ್ಕಂಡು ನಡೀತಿತ್ತು. ನನ್ನ ಕಂಡು ಅತ್ಕೊಂಡು ಒಳಗೆ ಹೋಯ್ತು."

ಪ್ರಸನ್ನಕುಮಾರ್ ಕೈಯಲ್ಲಿದ್ದ ಇಕ್ಕಳವನ್ನು ತೆರೆದು ಮುಚ್ಚಿ ಮಾಡುತ್ತಿದ್ದ. "ನಂಗೂ ಬಂದು ಏನ್ ಮಾಡ್ಬೇಕು ಅಂತ ಗೊತ್ತಿಲ್ಲ," ಎಂದ. ಅವನ ಧ್ವನಿ ಸಣ್ಣಗಾಗಿತ್ತು.

"ಯಾರಿಗೂ ಗೊತ್ತಿರಲ್ಲ. ಬಂದು ಕೂತ್ಕೊಳ್ಳಿ. ಮಗು ಎತ್ಕೊಳ್ಳಿ, ಅವ್ಳು ಒಂದ್ ಗಂಟೆ ಮಲಗ್ಲಿ."

ಅವನು ಶನಿವಾರ ಅಂಗಡಿ ಮುಚ್ಚಿಕೊಂಡು ಬಂದ. ತಾಯಿಗೆ ಏನು ಹೇಳಿ ಬಂದನೋ, ಕರಿಸಿದ್ದಪ್ಪ ಕೇಳಲಿಲ್ಲ. ಮೊದಲ ದಿನ ಸುಮನಾ ಅವನ ಜೊತೆ ಮಾತೇ ಆಡಲಿಲ್ಲ. ಅವನೂ ಮಗುವನ್ನು ಗಾಜಿನ ಸಾಮಾನಿನಂತೆ ಹಿಡಿದು ಜಗಲಿಯಲ್ಲಿ ಓಡಾಡಿದ. ಎರಡನೇ ದಿನ ಅವನ ಅಂಗಿ ಮೇಲೆ ಮಗು ಕಕ್ಕಿದಾಗ ಸುಮನಾ, "ತೇಗು ಬರ್ಸಿಲ್ಲ ನೀವು," ಎಂದಳು. ಇಷ್ಟು ದಿನಕ್ಕೆ ಅವಳಾಗಿ ಅವನೊಡನೆ ಆಡಿದ ಮೊದಲ ಮಾತು ಅದು. ವಾರಕ್ಕೆ ಮೂರು ದಿನ ಬಂದಿರತೊಡಗಿದ.

ಮಾತ್ರೆ ಹಿಡಿಯಲು ತಿಂಗಳು ಬೇಕಾಯಿತು. ಒಂದು ದಿನ ಚೆನ್ನಾಗಿದ್ದರೆ ಎರಡು ದಿನ ಮತ್ತೆ ಗೋಡೆ ಕಡೆ ಮುಖ. ಈ ನಡುವೆ ಕರಿಸಿದ್ದಪ್ಪ ತಾನಾಗಿಯೇ ಮಗುವಿನ ಬಟ್ಟೆ ಒಗೆಯುವ ಕೆಲಸ ಹಿಡಿದ. ಮೀನಾಕ್ಷಮ್ಮ ಅದನ್ನು ಕಂಡು, "ಇಂಥ ಅಜ್ಜನ್ನ ಪಡೆಯಕ್ಕೆ ಪುಣ್ಯ ಮಾಡಿರ್ಬೇಕು," ಎಂದರು. ಅವನಿಗೆ ಒಗೆಯುವ ಕಲ್ಲಿನಿಂದ ತಲೆ ಎತ್ತಲಾಗಲಿಲ್ಲ.

ಅವರು ಹೋದ ಮೇಲೆ ಕರಿಬಸಮ್ಮ ಬಕೆಟ್ ಎತ್ತಿಕೊಳ್ಳಲು ಬಂದಳು.

"ಬಸಮ್ಮ, ನಿಂಗೊಂದ್ ಮಾತು ಹೇಳ್ಬೇಕಿತ್ತು," ಎಂದ. "ನೀನು ತವರಲ್ಲಿದ್ದಾಗ ನಾನ್ ಒಂದ್ಸಲ ಲಿಂಗದಹಳ್ಳಿಗೆ ಬಂದಿದ್ದೆ. ಬಸ್‌ಸ್ಟ್ಯಾಂಡಿಂದಾನೇ ವಾಪಸ್ ಹೋದೆ."

"ಗೊತ್ತು," ಎಂದಳು. "ನಮ್ಮಣ್ಣ ಕಾಂತರಾಜು ನೋಡಿದ್ದ. ಟೀ ಕುಡೀತಾ ಇದಾರೆ, ಬತ್ತಾರೆ ಅಂತ ಓಡ್ಬಂದು ಹೇಳ್ದ." ಒದ್ದೆ ಬಟ್ಟೆಯೊಂದನ್ನು ಹಿಂಡಿ ಹೆಗಲಿಗೆ ಹಾಕಿಕೊಂಡಳು. "ಅವತ್ತು ನಾನೇ ಎದ್ದು ನೀರು ಹಾಕ್ಕೊಂಡೆ. ಎಷ್ಟೋ ದಿನ ಆಗಿತ್ತು ಹಾಕ್ಕೊಂಡು. ಸೀರೆ ಉಟ್ಕೊಂಡು, ಇವ್ಳನ್ನ ಎತ್ಕೊಂಡು ಜಗಲಿ ಮೇಲೆ ಕೂತೆ. ಸಂಜೆ ದೀಪ ಹಚ್ಚೋಗಂಟ ಕೂತಿದ್ದೆ."

ಕರಿಸಿದ್ದಪ್ಪ ಸೋಪಿನ ಕೈ ಪಂಚೆಗೆ ಒರೆಸಿಕೊಂಡ. "ಇಷ್ಟ್ ವರ್ಷ ಕೇಳ್ಲೇ ಇಲ್ವಲ್ಲೇ."

"ನೀವೇ ಹೇಳ್ತೀರೇನೋ ಅಂತ ಕಾದೆ. ಆಮೇಲೆ ಕಾಯೋದು ಬಿಟ್ಟೆ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಬಟ್ಟೆಗಳನ್ನು ತಂತಿಗೆ ಹರವಲು ಹೋದಳು. ಅವನು ಒಗೆಯುವುದಕ್ಕೆ ಏನೂ ಉಳಿದಿರದಿದ್ದರೂ ಅಲ್ಲೇ ಕೂತಿದ್ದ.

ಮೂರನೇ ತಿಂಗಳಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟರು. ಸುಮನಾ ಹೊಸ ಸೀರೆ ಉಟ್ಟು, ಬಂದವರೊಡನೆ ನಕ್ಕು ಮಾತಾಡಿದಳು. ಸುಸ್ತಾದಾಗ ಗಂಡನಿಗೆ ಕಣ್ಣಲ್ಲೇ ಹೇಳಿ ಒಳಗೆ ಹೋಗಿ ಒಂದಿಷ್ಟು ಹೊತ್ತು ಮಲಗಿದಳು. ಲಿಂಗದಹಳ್ಳಿಯಿಂದ ಕಾಂತರಾಜುವೂ ಬಂದಿದ್ದ. ಇಪ್ಪತ್ತೇಳು ವರ್ಷ ಆ ಮನುಷ್ಯ ಎಲ್ಲ ತಿಳಿದೂ ಪ್ರತಿ ಹಬ್ಬಕ್ಕೆ ಕರೆದಿದ್ದ, ಕಾಲಿಗೆ ನೀರು ಕೊಟ್ಟು ಒಳಗೆ ಕೂರಿಸಿದ್ದ. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಾ ಬಂದ ಕರಿಸಿದ್ದಪ್ಪ ಅವನ ಎಲೆಯ ಮುಂದೆ ನಿಂತ. ಏನಾದರೂ ಹೇಳಬೇಕೆಂದುಕೊಂಡ. ಎರಡು ಹೋಳಿಗೆ ಹಾಕಿ, ಮೂರನೆಯದಕ್ಕೆ ಕೈ ಹಾಕಿದ.

"ಸಾಕು ಭಾವ," ಎಂದು ಕಾಂತರಾಜು ಎಲೆಗೆ ಕೈ ಅಡ್ಡ ಹಿಡಿದು ಅವನ ಮುಖ ನೋಡಿದ. ಕರಿಸಿದ್ದಪ್ಪ ತಲೆ ತಗ್ಗಿಸಿಕೊಂಡು ಮುಂದಿನ ಎಲೆಗೆ ಹೋದ.